ಹೊಟ್ಟೆಹುಣ್ಣಿಗೆ ಗಿಡಮೂಲಿಕೆಯ ಕಾಪು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಿಂದ ಒಂದು ಸಮೀಕ್ಷೆ

ಹೊಟ್ಟೆಹುಣ್ಣು ಎಂದರೆ ಜಠರದ ಒಳಪದರದಲ್ಲಿ, ಇಲ್ಲವೇ ಜಠರ ಮುಗಿದು ಸಣ್ಣ ಕರುಳು ಆರಂಭವಾಗುವ ಕಡೆ, ಆಮ್ಲವೂ ಪೆಪ್ಸಿನ್ ಎಂಬ ಜೀರ್ಣರಸವೂ ಕೊರೆದು ಮಾಡಿದ ಗಾಯ. ವೈದ್ಯರ ಚೀಟಿಯಲ್ಲಿ ಇದು ಪೆಪ್ಟಿಕ್ ಅಲ್ಸರ್. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ದವಾಖಾನೆಗೆ ಬಂದವರು ಹೇಳುವುದು ಹೊಟ್ಟಿ ಬ್ಯಾನಿ, ಎದಿ ಉರಿ, ಹುಳಿ ತೇಗು, ಪಿತ್ತ ಎಂದು. ಈ ನಾಲ್ಕು ದೂರುಗಳಲ್ಲಿ ಎಲ್ಲವೂ ಹುಣ್ಣಲ್ಲ; ಬರೀ ಅಜೀರ್ಣವೂ ಇರಬಹುದು, ಪಿತ್ತಕೋಶದ ಕಲ್ಲೂ ಇರಬಹುದು. ಆದರೆ ಈ ದೂರು ಬಂದಾಗ ಮನೆಯವರು ಮೊದಲು ಕೈಹಾಕುವುದು ಹಿತ್ತಲಿನ ಗಿಡಕ್ಕೆ, ಅಡುಗೆಮನೆಯ ಡಬ್ಬಿಗೆ. ಹಾಗೆ ಕೈಗೆ ಬರುವ ಬೇರು, ತೊಗಟೆ, ಕಾಯಿ, ಬೀಜಗಳಲ್ಲಿ ನಿಜವಾಗಿಯೂ ಹೊಟ್ಟೆಯನ್ನು ಕಾಯುವ ಗುಣ ಇದೆಯೇ, ಇದ್ದರೆ ಎಷ್ಟರ ಮಟ್ಟಿಗೆ, ಎಂಬುದನ್ನು ಕಳೆದ ಆರು ದಶಕಗಳಲ್ಲಿ ಭಾರತದ ಪ್ರಯೋಗಾಲಯಗಳು ಬಿಡದೆ ಕೇಳುತ್ತ ಬಂದಿವೆ.

ಜಠರ ದಿನಕ್ಕೆ ಸುಮಾರು 2 ಲೀಟರ್ ರಸ ಸುರಿಸುತ್ತದೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಮಾಂಸವನ್ನು ಕರಗಿಸಬಲ್ಲದು. ಹಾಗಿದ್ದೂ ಜಠರ ತನ್ನನ್ನು ತಾನೇ ಜೀರ್ಣಿಸಿಕೊಳ್ಳುವುದಿಲ್ಲ. ಒಳಪದರದ ಮೇಲೆ ಲೋಳೆಯ ಹೊದಿಕೆ ಇದೆ. ಆ ಲೋಳೆಯೊಳಗೆ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಒಸರುತ್ತಿರುತ್ತದೆ. ಅದರ ಕೆಳಗಿನ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಸವೆದು ಹೊಸದಾಗಿ ಹುಟ್ಟುತ್ತವೆ. ರಕ್ತದ ಹರಿವು ಅವಕ್ಕೆ ಬೇಕಾದುದನ್ನು ತಂದುಕೊಡುತ್ತದೆ. ಈ ನಾಲ್ಕೂ ಕೆಲಸಗಳಿಗೆ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳ ಪ್ರೇರಣೆ ಬೇಕು. ಕೊರೆಯುವ ಶಕ್ತಿ ಹೆಚ್ಚಾದರೂ ಹುಣ್ಣು, ಕಾಯುವ ಶಕ್ತಿ ಕುಂದಿದರೂ ಹುಣ್ಣು.

ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯಲೋಕದ ಕಣ್ಣು ಕೊರೆಯುವ ಶಕ್ತಿಯ ಮೇಲೆಯೇ ನೆಟ್ಟಿತ್ತು. ಆಮ್ಲವಿಲ್ಲದೆ ಹುಣ್ಣಿಲ್ಲ ಎಂದು ಕಾರ್ಲ್ ಶ್ವಾರ್ಟ್ಸ್ 1910ರಲ್ಲಿ ಸಾರಿದ. 1915ರಲ್ಲಿ ಶಿಕಾಗೋದ ಬರ್ಟ್ರಾಮ್ ಸಿಪ್ಪಿ ಗಂಟೆಗೊಮ್ಮೆ ಹಾಲು ಮತ್ತು ಕೆನೆ ಕುಡಿಸುವ ಪಥ್ಯ ತಂದ. ಹಾಲೇ ಆಮ್ಲ ಸ್ರವಿಕೆಯನ್ನು ಹೆಚ್ಚಿಸುತ್ತದೆ ಎಂಬುದು ದಶಕಗಳ ನಂತರ ತಿಳಿಯಿತು. 1976ರಲ್ಲಿ ಸಿಮೆಟಿಡಿನ್, 1980ರ ದಶಕದ ಕೊನೆಗೆ ಒಮೆಪ್ರಜೋಲ್ ಬಂದು ಆಮ್ಲಕ್ಕೆ ಕಡಿವಾಣ ಹಾಕಿದವು. ನಡುವೆ, 1979ರಲ್ಲಿ, ಅಮೆರಿಕದ ಅಪ್‌ಜಾನ್ ಕಂಪನಿಯ ಆಂದ್ರೆ ರಾಬರ್ಟ್ ಮತ್ತು ಸಂಗಡಿಗರು ಆಮ್ಲವನ್ನು ಮುಟ್ಟದೆಯೇ ಪ್ರೊಸ್ಟಾಗ್ಲಾಂಡಿನ್ ಇಲಿಯ ಜಠರವನ್ನು ಮದ್ಯಸಾರದ ಸುಡುವಿಕೆಯಿಂದ ಉಳಿಸಬಲ್ಲದೆಂದು ತೋರಿಸಿದರು. ಗೋಡೆಯನ್ನು ಗಟ್ಟಿಮಾಡುವ ಔಷಧ ಎಂಬ ಕಲ್ಪನೆಗೆ ಅಲ್ಲಿಂದ ಬಲ ಬಂತು. ಗಿಡಮೂಲಿಕೆಗಳ ಅಧ್ಯಯನಕ್ಕೆ ಹೊಸ ಚೈತನ್ಯ ಸಿಕ್ಕಿದ್ದೂ ಆ ಕಲ್ಪನೆಯಿಂದಲೇ, ಏಕೆಂದರೆ ಬಹುಪಾಲು ಗಿಡಗಳ ಶಕ್ತಿ ಇರುವುದು ಕಾಯುವುದರಲ್ಲಿ.

ಮೂರು ತಾಲ್ಲೂಕುಗಳ ನೆಲವನ್ನು ಸ್ವಲ್ಪ ನೋಡಬೇಕು. ಆಳಂದ ಮಹಾರಾಷ್ಟ್ರದ ಗಡಿಗೆ ತಾಗಿದೆ. ಅಲ್ಲಿಂದ ಇಳಿದು ಬರುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಕಡೆ ಹರಿಯುತ್ತಾಳೆ. ಕಪ್ಪು ಎರೆಭೂಮಿ, ಜೋಳ, ತೊಗರಿ, ಕಡಲೆ, ಹತ್ತಿ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ದಟ್ಟ ಕಾಡು ಇಲ್ಲಿಲ್ಲ; ಜಿಲ್ಲೆಯ ಕಾಡು ಉಳಿದಿರುವುದು ಪೂರ್ವದಂಚಿನ ಚಿಂಚೋಳಿಯಲ್ಲಿ, 2011ರಲ್ಲಿ ವನ್ಯಜೀವಿಧಾಮವಾದ ಗುಡ್ಡಗಳಲ್ಲಿ. ಹೀಗಾಗಿ ಈ ಕಡೆಯ ಔಷಧಿ ಗಿಡಗಳೆಂದರೆ ಬದುವಿನ ಜಾಲಿ, ಹಾದಿಬದಿಯ ಬೇವು ಮತ್ತು ತಂಗಡಿ, ಗುಡಿಯ ಮುಂದಿನ ಅತ್ತಿ ಮತ್ತು ಪತ್ರಿ, ಬೇಲಿಯ ಅಮೃತಬಳ್ಳಿ, ಹಿತ್ತಲಿನ ಲೋಳೆಸರ. ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವೈ.ಎನ್. ಸೀತಾರಾಮ್ ಮತ್ತು ಸಂಗಡಿಗರು 2000ದಲ್ಲಿ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ತಂದರು. ಅದೇ ವಿಶ್ವವಿದ್ಯಾಲಯದ ಎ.ಎಚ್. ರಾಜಾಸಾಬ್ ಮತ್ತು ಜೊತೆಗಾರರು ಜಿಲ್ಲೆಯ ಜನರ ನೆನಪಿನಲ್ಲಿದ್ದ ಗಿಡಮದ್ದಿನ ತಿಳಿವನ್ನು ದಾಖಲಿಸಿ 2011ರಲ್ಲಿ ಪ್ರಕಟಿಸಿದರು. ಹಳ್ಳಿಯ ವೈದ್ಯರ ತಲೆಮಾರು ಮುಗಿಯುತ್ತಿರುವ ಹೊತ್ತಿನಲ್ಲಿ ಇಂಥ ದಾಖಲೆಗೆ ಬೆಲೆ ಕಟ್ಟಲಾಗದು.

ವೈದ್ಯದ ಓದು ಈ ಸೀಮೆಗೆ ಹೊಸದೇನಲ್ಲ. ಇದೇ ಜಿಲ್ಲೆಯ ಮಳಖೇಡದಲ್ಲಿ ರಾಜ್ಯವಾಳಿದ ಅಮೋಘವರ್ಷ ನೃಪತುಂಗನ ಕಾಲದ ಜೈನಾಚಾರ್ಯ ಉಗ್ರಾದಿತ್ಯ ಬರೆದ ‘ಕಲ್ಯಾಣಕಾರಕ’ವು ಮಾಂಸ, ಮದ್ಯ, ಜೇನನ್ನು ಬಿಟ್ಟು ಬರೀ ಗಿಡ ಮತ್ತು ಖನಿಜಗಳಿಂದ ಚಿಕಿತ್ಸೆ ಹೇಳುವ ಸಂಸ್ಕೃತ ವೈದ್ಯಗ್ರಂಥ. ಆಯುರ್ವೇದದ ಮಾಧವನಿದಾನದಲ್ಲಿ ಅಮ್ಲಪಿತ್ತದ ಜೊತೆಗೆ ಪರಿಣಾಮಶೂಲ, ಅನ್ನದ್ರವಶೂಲ ಎಂಬ ಎರಡು ನೋವುಗಳ ವಿವರಣೆ ಇದೆ: ಮೊದಲನೆಯದು ಉಂಡದ್ದು ಅರಗುವ ಹೊತ್ತಿಗೆ ಏಳುವ ನೋವು, ಎರಡನೆಯದು ಹೊತ್ತುಗೊತ್ತಿಲ್ಲದೆ ಬಂದು ವಾಂತಿಯಾದ ಮೇಲೆ ತಣಿಯುವ ನೋವು. ಇಂದಿನ ವೈದ್ಯರು ರೋಗಿಯನ್ನು ಕೇಳುವ ಮೊದಲ ಪ್ರಶ್ನೆಯೂ ಇದೇ: ನೋವು ಊಟದ ಮುಂಚೆಯೋ, ಆಮೇಲೆಯೋ? 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಯುನಾನಿ ಪದ್ಧತಿಯೂ ಇಲ್ಲಿ ಬೇರೂರಿತು. ಹಕೀಮರ ಮುಲೇಠಿಯೂ ಪಂಡಿತರ ಜ್ಯೇಷ್ಠಮಧುವೂ ಒಂದೇ ಬೇರು. ರೋಗಿಗಳಿಗೆ ಅದು ಯಾವ ಶಾಸ್ತ್ರದ್ದು ಎಂಬ ತಕರಾರು ಎಂದೂ ಇರಲಿಲ್ಲ.

ಆಳಂದ ತಾಲ್ಲೂಕಿನ ಕಡಗಂಚಿಗೆ ಈ ವಿಷಯದಲ್ಲಿ ಒಂದು ವಿಶೇಷ ನಂಟಿದೆ. ದತ್ತ ಸಂಪ್ರದಾಯದ ‘ಗುರುಚರಿತ್ರೆ’ಯಲ್ಲಿ ಬರುವ ಸಾಯಂದೇವ ಈ ಊರಿನವನು. ಗೋದಾವರಿ ತೀರದಲ್ಲಿ ಹೊಟ್ಟೆಶೂಲೆ ತಾಳಲಾರದೆ ನದಿಗೆ ಹಾರಲು ಹೊರಟ ಬ್ರಾಹ್ಮಣನೊಬ್ಬನನ್ನು ಆ ಸಂಪ್ರದಾಯದ ಗುರು ನೃಸಿಂಹ ಸರಸ್ವತಿಗಳು ತಡೆದು, ಅವನಿಗೆ ಹೊಟ್ಟೆತುಂಬ ಊಟ ಹಾಕುವಂತೆ ಸಾಯಂದೇವನಿಗೆ ಹೇಳುತ್ತಾರೆ. ಅನ್ನ ಕಂಡರೆ ಹೆದರುವ ರೋಗಿಗೆ ಊಟವೇ ಪ್ರಾಣಕ್ಕೆ ಎರವಾದೀತೆಂದು ಸಾಯಂದೇವ ಅಂಜುತ್ತಾನೆ. ರೋಗಿ ಉಂಡು ಗುಣವಾಗುತ್ತಾನೆ. ಭಕ್ತರಿಗೆ ಇದು ಗುರುವಿನ ಮಹಿಮೆ. ರೋಗದ ದೃಷ್ಟಿಯಿಂದ ಓದಿದವರಿಗೂ ಇದರಲ್ಲಿ ಗಮನಿಸುವಂಥದ್ದಿದೆ: ಸಣ್ಣ ಕರುಳಿನ ಹುಣ್ಣಿನ ನೋವು ಹಸಿದಾಗ ಏರಿ, ಉಂಡ ಕೂಡಲೇ ತಗ್ಗುವುದು ಅದರ ಗುರುತುಗಳಲ್ಲಿ ಒಂದು.

ಊಟಕ್ಕೂ ಹುಣ್ಣಿಗೂ ಇರುವ ಸಂಬಂಧವನ್ನು ವಿಜ್ಞಾನದ ಕಣ್ಣಿನಿಂದ ಕಂಡವರಲ್ಲಿ ಒಬ್ಬರು ಮೈಸೂರಿನಲ್ಲಿ ಕೆಲಸ ಮಾಡಿದವರು. 1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಅವರ ಮೇಜಿನ ಮೇಲೆ ಸಣ್ಣ ಕರುಳಿನ ಹುಣ್ಣಿನ ರೋಗಿಗಳು ಮತ್ತೆ ಮತ್ತೆ ಬರುತ್ತಿದ್ದರು. ಈ ರೋಗ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿಲ್ಲ ಎಂಬುದು ಅವರನ್ನು ಕಾಡಿತು. ಅತ್ತ ರೈಲ್ವೆ ವೈದ್ಯ ಎಸ್.ಎಲ್. ಮಲ್ಹೋತ್ರ 1964ರಲ್ಲಿ, ಅನ್ನ ಉಣ್ಣುವ ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಹುಣ್ಣು ಹೆಚ್ಚು, ಗೋಧಿ ರೊಟ್ಟಿ ತಿನ್ನುವ ಪಂಜಾಬಿನಲ್ಲಿ ಕಡಿಮೆ ಎಂದು ಬರೆದಿದ್ದರು. ಅಗಿದು ತಿನ್ನುವ ಊಟದಿಂದ ಲಾಲಾರಸ ಹೆಚ್ಚು ಬೆರೆಯುತ್ತದೆ, ಅದೇ ಕಾಪು ಎಂಬುದು ಅವರ ವಾದ. ಮುಂದೆ ಅವರು ವಾಸಿಯಾದ ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದಾಗ, ಜರಡಿ ಹಿಡಿಯದ ಗೋಧಿ ತಿಂದವರಲ್ಲಿ ಹುಣ್ಣು ಮರುಕಳಿಸಿದ್ದು ಅನ್ನ ತಿಂದವರಿಗಿಂತ ಬಹಳ ಕಡಿಮೆ.

ಟೋವಿ ಇನ್ನೂ ಆಳಕ್ಕೆ ಹೋದರು. ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಹಂಚಿಕೆಯ ಬಗ್ಗೆ 1979ರಲ್ಲಿ ಅವರ ದೊಡ್ಡ ಬರಹ ಬಂತು, ಮರುವರ್ಷ ಎ.ಪಿ. ಜಯರಾಜ್ ಜೊತೆಗಿನ ಬರಹ. ಹುಣ್ಣು ಕಡಿಮೆ ಇರುವ ಕಡೆಯ ಧಾನ್ಯಗಳನ್ನು ತಂದು ಇಲಿಗಳಿಗೆ ತಿನ್ನಿಸಿ ನೋಡಿದರು. ಪಾಲಿಶ್ ಮಾಡಿದ ಅಕ್ಕಿ, ಮೈದಾದಂಥ ನುಣುಪು ಹಿಟ್ಟು, ಮರಗೆಣಸು ಮುಖ್ಯ ಆಹಾರವಾದ ಕಡೆ ಹುಣ್ಣು ಹೆಚ್ಚು. ತವುಡು ಕಳೆಯದ ಗೋಧಿ, ಕೆಲವು ಕಿರುಧಾನ್ಯ, ಕೆಲವು ಬೇಳೆಕಾಳು ಮುಖ್ಯವಾದ ಕಡೆ ಕಡಿಮೆ. ಕಾಪಾಡುವ ಅಂಶ ಇದ್ದದ್ದು ಧಾನ್ಯದ ಜಿಡ್ಡಿನ ಭಾಗದಲ್ಲಿ. ಅದನ್ನು ಬಿಡಿಸಿ ನೋಡಲು ಅವರು ಆರಿಸಿಕೊಂಡ ಕಾಳು ನಮ್ಮ ಹುರಳಿ. ಹುರಳಿಯ ಫಾಸ್ಫೋಲಿಪಿಡ್ ಮತ್ತು ಸ್ಟೆರಾಲ್‌ಗಳು ಇಲಿಯ ಜಠರವನ್ನು ನೋವುಗುಳಿಗೆಯ ಹುಣ್ಣಿನಿಂದಲೂ ಕಾದವು.

ಜೋಳ ಉಣ್ಣುವ ಕಲಬುರಗಿಯ ಮಟ್ಟಿಗೆ ಈ ಸಂಶೋಧನೆ ಬಹಳ ಮುಖ್ಯವಾದದ್ದು ಎಂಬುದು ಈ ಲೇಖನದ ನಿಲುವು. ರೊಟ್ಟಿಗೆ ಬೀಸುವ ಜೋಳದಿಂದ ತವುಡು ತೆಗೆಯುವ ರೂಢಿ ಇಲ್ಲ. ಕಟಿ ರೊಟ್ಟಿಯನ್ನು ಅಗಿಯದೆ ನುಂಗಲಾಗದು. ಪಕ್ಕಕ್ಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇರುತ್ತದೆ. ಮಲ್ಹೋತ್ರ ಮತ್ತು ಟೋವಿಯವರು ಹೇಳಿದ ಕಾಪಿನ ಲಕ್ಷಣಗಳು ಈ ತಾಟಿನಲ್ಲಿ ಸಾಲುಗಟ್ಟಿ ಕಾಣುತ್ತವೆ. 2013ರಿಂದ ಅನ್ನಭಾಗ್ಯದ ಅಕ್ಕಿ ಇಲ್ಲಿನ ಮನೆಗಳಿಗೂ ಬಂದಿದೆ. ಹಸಿವು ತಣಿಸಿದ ಆ ಅಕ್ಕಿಯ ಉಪಕಾರ ದೊಡ್ಡದು. ಆದರೂ ಜೋಳದ ರೊಟ್ಟಿ ತಾಟಿನಿಂದ ಹಿಂದೆ ಸರಿದರೆ ಹೊಟ್ಟೆಯ ಆರೋಗ್ಯಕ್ಕೆ ಏನಾಗುತ್ತದೆ ಎಂದು ಅಳೆದು ನೋಡುವ ಕೆಲಸ ಇದೇ ಜಿಲ್ಲೆಯಲ್ಲಿ ಆಗಬೇಕು. ಕಡಗಂಚಿಯಲ್ಲಿಯೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿದೆ. ಕಲಬುರಗಿಯಲ್ಲಿ ವೈದ್ಯಕೀಯ, ಆಯುರ್ವೇದ ಮತ್ತು ಫಾರ್ಮಸಿ ಕಾಲೇಜುಗಳಿವೆ. ಪ್ರಶ್ನೆ ಕೇಳುವವರೂ ಉತ್ತರ ಹುಡುಕಬಲ್ಲವರೂ ಒಂದು ಗಂಟೆಯ ಬಸ್ ದಾರಿಯೊಳಗೆ ಇದ್ದಾರೆ.

ಖಾರದ ಮಾತೂ ಇಲ್ಲಿ ಬರಬೇಕು. ಮಿರ್ಚಿ ಭಜಿ, ಕೆಂಪು ಖಾರ ತಿಂದು ಹೊಟ್ಟೆ ಹುಣ್ಣಾಯಿತು ಎಂಬ ನಂಬಿಕೆ ಗಟ್ಟಿಯಾಗಿದೆ. ಖಾರ ಇದ್ದ ಹುಣ್ಣನ್ನು ಕೆರಳಿಸಿ ಉರಿ ಹೆಚ್ಚಿಸಬಹುದು. ಹುಣ್ಣನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ತದ್ವಿರುದ್ಧವಾಗಿ, 1995ರಲ್ಲಿ ಸಿಂಗಾಪುರದ ವೈದ್ಯರು 18 ಮಂದಿ ಆರೋಗ್ಯವಂತರಿಗೆ 20 ಗ್ರಾಂ ಮೆಣಸಿನಪುಡಿಯನ್ನು ನೀರಿನಲ್ಲಿ ಕೊಟ್ಟು, ಆಮೇಲೆ 600 ಮಿಲಿಗ್ರಾಂ ಆಸ್ಪಿರಿನ್ ನುಂಗಿಸಿ, ಎಂಡೋಸ್ಕೋಪಿಯಿಂದ ಒಳಗೆ ನೋಡಿದರು. ಬರೀ ನೀರು ಕುಡಿದು ಆಸ್ಪಿರಿನ್ ನುಂಗಿದಾಗ ಆದಷ್ಟು ಗಾಯ ಮೆಣಸು ಕುಡಿದಾಗ ಆಗಲಿಲ್ಲ. ಮೆಣಸಿನ ಕ್ಯಾಪ್ಸೇಯ್ಸಿನ್ ಜಠರದ ನರಗಳನ್ನು ಎಚ್ಚರಿಸಿ ರಕ್ತದ ಹರಿವನ್ನು ಹೆಚ್ಚಿಸುತ್ತದೆ ಎಂಬುದು ಇದಕ್ಕೆ ಕೊಡುವ ಕಾರಣ. ಹುಣ್ಣು ಈಗಾಗಲೇ ಇರುವವರು ಇದನ್ನು ಚಿಕಿತ್ಸೆಯೆಂದು ತಿಳಿಯಬಾರದು.

ಇನ್ನು ಗಿಡಗಳು. ಗಾಣಗಾಪುರದ ಸಂಗಮದಲ್ಲಿ ಭಕ್ತರು ಸುತ್ತು ಹಾಕುವ ಔದುಂಬರ ನಮ್ಮ ಅತ್ತಿಮರ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ಸಿ.ವಿ. ರಾವ್ ಮತ್ತು ಸಂಗಡಿಗರು ಅತ್ತಿಹಣ್ಣಿನ ಸಾರವನ್ನು ಇಲಿಗಳ ಮೇಲೆ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು: ಮದ್ಯಸಾರದಿಂದ, ಚಳಿ ಮತ್ತು ಬಂಧನದ ಒತ್ತಡದಿಂದ ಆಗುವ ಹುಣ್ಣುಗಳನ್ನು ಅದು ತಗ್ಗಿಸಿತು. ಗ್ಯಾಲಿಕ್ ಆಮ್ಲ, ಎಲ್ಲಾಜಿಕ್ ಆಮ್ಲ ಅದರಲ್ಲಿವೆ. ಒಗರು ಕೊಡುವ ಇಂಥ ಟ್ಯಾನಿನ್ ವರ್ಗದ ದ್ರವ್ಯಗಳು ಗಾಯದ ಮೇಲ್ಮೈಯ ಪ್ರೋಟೀನನ್ನು ಹೆಪ್ಪುಗಟ್ಟಿಸಿ ತೆಳುವಾದ ಪೊರೆ ಕಟ್ಟುತ್ತವೆ. ಶಿವನಿಗೆ ಏರಿಸುವ ಪತ್ರಿಯ ಗಿಡ, ಅಂದರೆ ಬಿಲ್ವದ ಬೀಜದಿಂದ ಬೇರ್ಪಡಿಸಿದ ಲುವಂಗೆಟಿನ್ ಎಂಬ ದ್ರವ್ಯಕ್ಕೂ ಇಲಿಗಳಲ್ಲಿ ಹುಣ್ಣು ತಡೆಯುವ ಗುಣ ಕಂಡಿದೆ. ಆ ಕೆಲಸ 1997ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಆಯಿತು.

ಆ ವಿಶ್ವವಿದ್ಯಾಲಯದ ಹೆಸರು ಈ ಕ್ಷೇತ್ರದಲ್ಲಿ ಪದೇ ಪದೇ ಬರುತ್ತದೆ. 1960ರ ದಶಕದ ಮೊದಲಲ್ಲಿ ಅಲ್ಲಿನ ಎ.ಕೆ. ಸನ್ಯಾಲ್ ಮತ್ತು ಪಿ.ಕೆ. ದಾಸ್ ಬಾಳೆಕಾಯಿಯ ಪುಡಿಯ ಮೇಲೆ ಕೆಲಸ ಆರಂಭಿಸಿದರು. ಅದು ಆಮ್ಲವನ್ನು ತಗ್ಗಿಸುತ್ತಿರಲಿಲ್ಲ. ಲೋಳೆಯನ್ನು ದಪ್ಪಗಾಗಿಸಿ, ಒಳಪದರದ ಜೀವಕೋಶಗಳು ಬೇಗ ಬೆಳೆಯುವಂತೆ ಮಾಡುತ್ತಿತ್ತು. ಆರ್.ಕೆ. ಗೋಯಲ್ ಅವರು 1980ರ ದಶಕದಿಂದ ಆ ಕೆಲಸವನ್ನು ಮುಂದುವರಿಸಿದರು. ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ಡಿ.ಎ. ಲೂಯಿಸ್ 1984ರಲ್ಲಿ ಆಸ್ಪಿರಿನ್ ಹುಣ್ಣಿನ ಇಲಿಗಳಲ್ಲಿ ಇದನ್ನು ಮತ್ತೆ ಪರೀಕ್ಷಿಸಿ, ಕಾಯಿಯಲ್ಲಿ ಇದ್ದ ಗುಣ ಹಣ್ಣಿನಲ್ಲಿ ಇಲ್ಲವೆಂದು ಕಂಡರು. 1999ರಲ್ಲಿ ಅದರ ಹಿಂದಿರುವ ದ್ರವ್ಯ ಲ್ಯುಕೋಸಯಾನಿಡಿನ್ ಎಂದು ಗುರುತಿಸಿದರು. ಇಲ್ಲೊಂದು ತೊಡಕೂ ಇದೆ: ಹಸಿರು ಬಾಳೆಕಾಯಿಯನ್ನೇ ಮುಖ್ಯ ಆಹಾರ ಮಾಡಿಕೊಂಡ ನಾಡುಗಳನ್ನು ಟೋವಿಯವರು ಹುಣ್ಣು ಹೆಚ್ಚಿರುವ ಪಟ್ಟಿಯಲ್ಲಿ ಇಟ್ಟಿದ್ದಾರೆ. ಒಣಗಿಸಿ ಪುಡಿ ಮಾಡಿ ಔಷಧದ ಪ್ರಮಾಣದಲ್ಲಿ ಕೊಡುವುದು ಬೇರೆ, ಅದನ್ನೇ ಬೇಯಿಸಿ ಮೂರು ಹೊತ್ತು ಉಣ್ಣುವುದು ಬೇರೆ. ಒಂದು ಗಿಡಕ್ಕೆ ಒಂದೇ ಮಾತಿನ ತೀರ್ಪು ಕೊಡುವವರು ಈ ಉದಾಹರಣೆಯನ್ನು ನೆನಪಿಡಬೇಕು.

ಗೋಯಲ್ ಅವರ ತಂಡವೇ ನೆಲ್ಲಿಕಾಯಿಯನ್ನು 2002ರಲ್ಲಿ, ಶತಾವರಿಯನ್ನು 2003ರಲ್ಲಿ ಪರೀಕ್ಷಿಸಿತು. ಹಲವು ಮಕ್ಕಳ ತಾಯಿ ಬೇರು ಎಂದೂ ಕರೆಯುವ ಶತಾವರಿಯ ಗಡ್ಡೆಬೇರು ಲೋಳೆಯ ಕಾಪನ್ನು ಬಲಪಡಿಸಿತು. ಆಮ್ಲದ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ಮೆಂತ್ಯದ ಕಾಳಿನ ಬಗ್ಗೆ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದವರು 2002ರಲ್ಲಿ ಇಲಿಗಳ ಅಧ್ಯಯನ ಪ್ರಕಟಿಸಿದರು. ಅಗಸಿಯ ಲೋಳೆ ಮತ್ತು ಎಣ್ಣೆ ಮದ್ಯಸಾರದ ಗಾಯವನ್ನು ತಗ್ಗಿಸುವುದನ್ನು 2008ರಲ್ಲಿ ಲಿಬಿಯಾದ ಸಂಶೋಧಕರು ಕಂಡರು. ನೀರಿನಲ್ಲಿ ನೆನೆದು ಲೋಳೆ ಬಿಡುವ ಕಾಮಕಸ್ತೂರಿ, ಇಸಬಗೋಲ, ಅಂಟಿನ ಉಂಡಿಗೆ ಹಾಕುವ ಜಾಲಿಯ ಅಂಟು ಇವೂ ಅದೇ ಬಳಗದವು. ಜಠರದ ಲೋಳೆಗೆ ಮೇಲೊಂದು ಲೋಳೆ ಸೇರಿಸುವ ಈ ಬೀಜ, ಅಂಟುಗಳ ಪರಿಣಾಮ ತಾತ್ಕಾಲಿಕ, ಆದರೆ ಅಪಾಯವೂ ಕಡಿಮೆ.

ಬೇವಿನದು ಬೇರೆಯೇ ಕಥೆ. ಮನುಷ್ಯರ ಮೇಲೆ ಕ್ರಮವಾಗಿ ಪರೀಕ್ಷೆಯಾದ ಕೆಲವೇ ಗಿಡಗಳಲ್ಲಿ ಇದೊಂದು. ಕೋಲ್ಕತ್ತದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯ ಉದಯ ಬಂದ್ಯೋಪಾಧ್ಯಾಯ ಮತ್ತು ಸಂಗಡಿಗರು ಬೇವಿನ ತೊಗಟೆಯ ನೀರುಸಾರವನ್ನು ಒಣಗಿಸಿ, 30 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ 10 ದಿನ ಕೊಟ್ಟಾಗ ಆಮ್ಲ ಸ್ರವಿಕೆ ಶೇ. 77ರಷ್ಟು ಇಳಿಯಿತು. 30ರಿಂದ 60 ಮಿಲಿಗ್ರಾಂನಂತೆ ದಿನಕ್ಕೆರಡು ಸಲ 10 ವಾರ ಕೊಟ್ಟಾಗ ಸಣ್ಣ ಕರುಳಿನ ಹುಣ್ಣುಗಳು ಬಹುತೇಕ ಮಾಗಿದವು. ವರದಿ 2004ರಲ್ಲಿ ಬಂತು. ಒಮೆಪ್ರಜೋಲ್ ತಡೆಯುವ ಆಮ್ಲದ ಪಂಪನ್ನೇ ಬೇವೂ ತಡೆಯುತ್ತದೆ. ರೋಗಿಗಳ ಸಂಖ್ಯೆ ಚಿಕ್ಕದಿತ್ತು. ದೊಡ್ಡ ಪರೀಕ್ಷೆಗೆ ದೇಶ ಕೈಹಾಕಬೇಕಿತ್ತು. ಹಾದಿಗೊಂದು ಬೇವಿನ ಮರವಿರುವ ನಾಡಿನಲ್ಲಿ ಆ ಕೆಲಸ ಬಾಕಿ ಉಳಿದಿರುವುದು ಬೇಸರದ ಸಂಗತಿ.

ಜ್ಯೇಷ್ಠಮಧು ಈ ನೆಲದ ಬೆಳೆಯಲ್ಲ. ಅಂಗಡಿಯಲ್ಲಿ ಸಿಗುವ ಬೇರಿನ ಹೆಚ್ಚಿನ ಪಾಲು ಅಫ್ಘಾನಿಸ್ತಾನ, ಇರಾನ್, ಮಧ್ಯ ಏಷ್ಯಾದ ಕಡೆಯಿಂದ ಬರುತ್ತದೆ. ಆದರೂ ಹೊಟ್ಟೆಹುಣ್ಣಿನ ಗಿಡಮೂಲಿಕೆಗಳಲ್ಲಿ ಅತಿ ದೂರ ಸಾಗಿದ್ದು ಇದೇ. 1946ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ರೆವರ್ಸ್ ಇದರ ಸಾರದಿಂದ ಹುಣ್ಣು ಮಾಗುವುದನ್ನೂ, ಐವರಲ್ಲಿ ಒಬ್ಬರಿಗೆ ಮುಖ, ಕಾಲು ಬಾಯುವುದನ್ನೂ ಒಟ್ಟಿಗೆ ವರದಿ ಮಾಡಿದ. ಇದರಿಂದ ತಯಾರಾದ ಕಾರ್ಬೆನಾಕ್ಸಲೋನ್ 1960ರ ದಶಕದಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. 1962ರಲ್ಲಿ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿದವರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ರಿಚರ್ಡ್ ಡಾಲ್. ಜಠರದ ಹುಣ್ಣಿಗೆ ಅದು ಕೆಲಸ ಮಾಡಿತು. ದೇಹದಲ್ಲಿ ಉಪ್ಪು, ನೀರು ನಿಂತು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುವುದೂ ತಪ್ಪಲಿಲ್ಲ. ಸಿಮೆಟಿಡಿನ್ ಬಂದ ಮೇಲೆ ಅದು ಹಿಂದೆ ಸರಿಯಿತು. ಇದೇ ಡಾಲ್ 1958ರಲ್ಲಿಯೇ, ಸೇದುವುದನ್ನು ಬಿಟ್ಟವರ ಜಠರದ ಹುಣ್ಣು ಬೇಗ ಮಾಗುತ್ತದೆ ಎಂದು ತೋರಿಸಿದ್ದರು. ಬೀಡಿ ಸೇದುತ್ತ ಕಷಾಯ ಕುಡಿಯುವವರಿಗೆ ಯಾವ ಬೇರೂ ದಾರಿ ತೋರಿಸಲಾರದು.

1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದ ಲೋಳೆಯೊಳಗೆ ಬದುಕುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿ ಬ್ಯಾಕ್ಟೀರಿಯವನ್ನು ಬೆಳೆಸಿದ ಮೇಲೆ ಹುಣ್ಣಿನ ಚರಿತ್ರೆಯೇ ತಿರುಗಿತು. ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. 1994ರಲ್ಲಿ ಈ ಬ್ಯಾಕ್ಟೀರಿಯ ಕ್ಯಾನ್ಸರ್ ತರುವ ಕಾರಣಗಳ ಮೊದಲ ವರ್ಗಕ್ಕೆ ಸೇರಿತು. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಇದು ಇದ್ದು, ಹೆಚ್ಚಿನವರಿಗೆ ಹುಣ್ಣಾಗುವುದಿಲ್ಲ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬ ಪ್ರಶ್ನೆಯಲ್ಲಿ ಒಳಪದರದ ಕಾಪು ಮತ್ತೆ ಮುಖ್ಯವಾಗುತ್ತದೆ. ಟೋವಿಯವರ ಆಹಾರದ ವಾದ ಬ್ಯಾಕ್ಟೀರಿಯ ಬಂದ ಮೇಲೂ ಸಾಯದಿರಲು ಇದೇ ಕಾರಣ. ಗಿಡಗಳು ಬ್ಯಾಕ್ಟೀರಿಯವನ್ನು ಕೊಲ್ಲಬಲ್ಲವೇ? ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಕಂಪನಿ ಜ್ಯೇಷ್ಠಮಧುವಿನಿಂದ ಮಾಡಿದ ಗಟ್‌ಗಾರ್ಡ್ ಎಂಬ ಸಾರವನ್ನು ದಿನಕ್ಕೆ 150 ಮಿಲಿಗ್ರಾಂನಂತೆ 60 ದಿನ ಕೊಟ್ಟ ಪರೀಕ್ಷೆ 2013ರಲ್ಲಿ ಪ್ರಕಟವಾಯಿತು: ಸುಮಾರು ಅರ್ಧದಷ್ಟು ಮಂದಿಯಲ್ಲಿ ಬ್ಯಾಕ್ಟೀರಿಯ ಪತ್ತೆಯಾಗಲಿಲ್ಲ. ಉತ್ತೇಜನ ಕೊಡುವ ಫಲಿತಾಂಶವಿದು. ಆದರೆ ಉಳಿದ ಅರ್ಧದಷ್ಟು ಜನರಲ್ಲಿ ಅದು ಇದ್ದೇ ಇತ್ತು. ಬ್ಯಾಕ್ಟೀರಿಯ ಇರುವುದು ಖಚಿತವಾದರೆ ಎರಡು ವಾರದ ಆಂಟಿಬಯೋಟಿಕ್ ಚಿಕಿತ್ಸೆಯೇ ಇಂದಿಗೂ ಮೊದಲ ದಾರಿ.

ಇಲಿಗಳ ಮೇಲಿನ ಪರೀಕ್ಷೆಗಳನ್ನು ಎಷ್ಟು ನಂಬಬೇಕು ಎಂಬುದನ್ನೂ ಹೇಳಬೇಕು. 1945ರಲ್ಲಿ ಫಿಲಡೆಲ್ಫಿಯಾದ ಹ್ಯಾರಿ ಶೇ ಇಲಿಯ ಜಠರದ ಕೆಳಬಾಯಿಯನ್ನು ದಾರದಿಂದ ಕಟ್ಟಿ ಆಮ್ಲ ತುಂಬಿಸುವ ವಿಧಾನ ತಂದ. ಕಲಬುರಗಿಯೂ ಸೇರಿ ದೇಶದ ಫಾರ್ಮಸಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಲಿಯುವುದು ಈ ವಿಧಾನವನ್ನೂ, ಆಸ್ಪಿರಿನ್ ಮತ್ತು ಮದ್ಯಸಾರದ ವಿಧಾನಗಳನ್ನೂ. ಗಂಟೆಗಳಲ್ಲಿ ಮೂಡಿಸಿದ ಇಲಿಯ ಹುಣ್ಣು, ವರ್ಷಗಟ್ಟಲೆ ಬಂದು ಹೋಗುವ ಮನುಷ್ಯನ ಹುಣ್ಣಿಗೆ ಸಮನಲ್ಲ. ಹೆಚ್ಚಿನ ಅಧ್ಯಯನಗಳಲ್ಲಿ ಗಿಡದ ಸಾರವನ್ನು ಮೊದಲೇ ಕುಡಿಸಿ ಆಮೇಲೆ ಗಾಯ ಮಾಡುತ್ತಾರೆ. ತಡೆಯುವ ಶಕ್ತಿ ಅದರಿಂದ ತಿಳಿಯುತ್ತದೆ, ಆಗಲೇ ಆದ ಹುಣ್ಣನ್ನು ಮಾಗಿಸುವ ಶಕ್ತಿ ತಿಳಿಯುವುದಿಲ್ಲ. 1949ರಲ್ಲಿ ಅಮೆರಿಕದ ಗಾರ್ನೆಟ್ ಚೀನಿ ಹಸಿ ಎಲೆಕೋಸಿನ ರಸವನ್ನು 13 ರೋಗಿಗಳಿಗೆ ಕುಡಿಸಿ ಹುಣ್ಣು ಬೇಗ ಮಾಗಿತೆಂದು ಬರೆದ. ಹೋಲಿಸಿ ನೋಡಲು ಎದುರು ಗುಂಪೇ ಇಲ್ಲದ ಆ ವರದಿಯನ್ನು ಇಂದಿಗೂ ಪುರಾವೆಯೆಂಬಂತೆ ಉಲ್ಲೇಖಿಸುವವರಿದ್ದಾರೆ.

ಈ ತಡೆಯುವ ಶಕ್ತಿಗೆ ಹಳ್ಳಿಯಲ್ಲಿ ದೊಡ್ಡ ಉಪಯೋಗವಿದೆ. ಮಂಡಿ ನೋವು, ಸೊಂಟದ ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಗುಳಿಗೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ನಿಲ್ಲಿಸಿ ಜಠರದ ಕಾಪನ್ನು ಕಳಚುತ್ತವೆ. ಇದನ್ನು ಜಾನ್ ವೇನ್ 1971ರಲ್ಲಿ ಕಂಡುಹಿಡಿದರು. ತೊಗರಿ ಕೊಯ್ಲಿನಲ್ಲಿ, ಹತ್ತಿ ಬಿಡಿಸುವಲ್ಲಿ ದಿನವಿಡೀ ಬಾಗಿ ದುಡಿಯುವವರು ಖಾಲಿ ಹೊಟ್ಟೆಯಲ್ಲಿ ಇಂಥ ಗುಳಿಗೆ ನುಂಗುವುದು ಬೇವು, ಬಾಳೆಕಾಯಿ, ಹುರಳಿ ಕಾಯಬೇಕಾದ ಹೊಟ್ಟೆಗೆ ದಿನವೂ ಪೆಟ್ಟು ಕೊಟ್ಟಂತೆ. ನೋವುಗುಳಿಗೆ ಅನಿವಾರ್ಯವಾದವರಲ್ಲಿ ಈ ಗಿಡಗಳನ್ನು ಜೊತೆಗೆ ಕೊಟ್ಟು ನೋಡುವ ಮಾನವ ಪರೀಕ್ಷೆಗಳು ನಡೆದರೆ ಅದರ ಲಾಭ ಮೊದಲು ಮುಟ್ಟುವುದು ಕೂಲಿಕಾರರಿಗೆ.

ಗಿಡಗಳಿಗೂ ಮಿತಿ ಇದೆ, ಹಾನಿಯೂ ಇದೆ. ರಕ್ತದೊತ್ತಡ ಇರುವವರು, ಹೃದಯ ಅಥವಾ ಮೂತ್ರಪಿಂಡದ ರೋಗಿಗಳು ಜ್ಯೇಷ್ಠಮಧುವನ್ನು ದಿನಗಟ್ಟಲೆ ತೆಗೆದುಕೊಳ್ಳಬಾರದು. ಗರ್ಭಿಣಿಯರಿಗೆ ಬೇವಿನ ಸಾರ ಬೇಡ. ಶತಾವರಿಯ ಔಷಧ ಬೇರಿನಲ್ಲಿರುವುದರಿಂದ ಅಗೆದರೆ ಗಿಡವೇ ಹೋಗುತ್ತದೆ. ಹೊಲದ ಬದುವಿನಲ್ಲಿ ಬೆಳೆಸದೆ ಗುಡ್ಡದಿಂದ ಅಗೆದು ಮಾರುತ್ತ ಹೋದರೆ ಚಿಂಚೋಳಿಯ ಕಾಡಿಗೂ ಅದು ಉಳಿಯದು.

ಮಲ ಡಾಂಬರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಇಲ್ಲವೇ ಕಾಫಿಪುಡಿಯಂಥ ಕಣ ಕಂಡರೆ, ತೂಕ ಇಳಿಯುತ್ತಿದ್ದರೆ, ಹೊಟ್ಟೆ ಹಲಗೆಯಂತೆ ಬಿಗಿದು ತಡೆಯಲಾರದ ನೋವು ಬಂದರೆ ಓದುಗರು ಕಷಾಯಕ್ಕೆ ಕಾಯದೆ ಅಂದೇ ದೊಡ್ಡ ದವಾಖಾನೆಗೆ ಹೋಗಬೇಕು. ಹೋದಾಗ, ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಬೇರು, ಪುಡಿ, ಭಸ್ಮ, ನೋವುಗುಳಿಗೆ ಯಾವುದನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.